ಅರ್ಧ ಮಂಡಿನೋವು

ನಮ್ಮೂರಲ್ಲಿ ಕೀಲುನೋವನ್ನು ಯಾರು ಬೇಕಾದರೂ ಹಂಚಿಕೊಳ್ಳಬಹುದು; ಆಸ್ಪತ್ರೆಯಲ್ಲಿ ಒಂದು ಸಹಿ ಸಾಕು. ನಲವತ್ತು ವರ್ಷದ ಗೆಳೆಯ ಚನ್ನವೀರನ ಮಂಡಿ ಬಾತಾಗ ಅರ್ಧ ನೋವನ್ನು ನಾನು ಹೊತ್ತೆ. ಆದಿಶೇಷ ನನ್ನ ಮುಂದೆ ಎರೆಹುಳು.

ವರ್ಷದ ತಪಾಸಣೆಗೆ ಇಬ್ಬರೂ ಹೋದೆವು. ಡಾಕ್ಟರ್ ಶಾಹೀನ್ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಆಡಿಸಿದರು. ನನ್ನ ಮಂಡಿಯ ಉರಿಯೂತ ಪರದೆ ತುಂಬ ಕೆಂಪಗೆ ಹೊತ್ತಿಕೊಂಡಿತು. ಅವನದರಲ್ಲಿ ಒಂದು ಚುಕ್ಕೆಯೂ ಇಲ್ಲ.

“ಅರ್ಧ ಅಲ್ರೀ, ಪೂರಾ ನಿಮ್ಮ ಕಡೇನ ಐತಿ,” ಎಂದರು.

ಚನ್ನವೀರ ಮಡಚಿದ ಪ್ಯಾಂಟನ್ನು ಇಳಿಬಿಟ್ಟ. “ಆನೀ ನೋವಾದ್ರೂ ಹೊರ್ತೀನಿ ಅಂತ ಚಾದಂಗಡ್ಯಾಗ ನೀನ ಹೇಳಿದ್ದೆಲ್ಲೋ. ಅದಕ್ಕ ಪೂರಾ ಅಂತ ಬರಸಿದೆ. ನೀ ಓದದನ ಸಹಿ ಹಾಕಿದಿ.”

ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದುಹೋದ. ನಾನು ಲಿಫ್ಟಿಗೆ ಕಾದೆ. “ಏನಾಯ್ತ್ರೀ ಯಜಮಾನ್ರ?” ಎಂದು ಪಕ್ಕದವರು ಕೇಳಿದರು. “ಆನೀ ನೋವು ಹೊತ್ತೀನ್ರೀ,” ಎಂದು ಗೋಡೆ ಹಿಡಿದು ನಿಂತೆ.