ಸುವಾರ್ತವ್ವನ ಬಾಜೂಕಿನ ಜಾಗ

ಶಿವರಾತ್ರಿ ಹತ್ತಿರ ಬಂದಿತ್ತು. ಅರಿಸಿನ ಕುದಿಸುವ ಕಾಲ. ಕುಡಚಿ ದಾರಿಗಿರುವ ಮಹಾವೀರನ ಹೊಲದಲ್ಲಿ ನಸುಕಿನಿಂದಲೇ ಕಡಾಯಿ ಒಲೆಯ ಮೇಲಿತ್ತು. ಬೆಂದ ಅರಿಸಿನವನ್ನು ಹೆಂಗಸರು ಬುಟ್ಟಿಯಲ್ಲಿ ಹೊತ್ತು ಕಣದ ತುಂಬ ಹರವುತ್ತಿದ್ದರು. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ನಾಮದೇವ ಮಲಗಿದ್ದ. ಮೂವತ್ತು ವರ್ಷ ಈ ಕಡಾಯಿಯ ಹದ ನೋಡಿದವನು. ಕ್ಯಾನ್ಸರು ಸೊಂಟದ ಎಲುಬಿಗೆ ಇಳಿದ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ಮಹಾವೀರನೇ ಕಡಾಯಿಯಿಂದ ಒಂದು ಕೊಂಬು ತಂದು ಅವನ ಕೈಗೆ ಕೊಡುತ್ತಿದ್ದ. ಅವನು ಅದಕ್ಕೆ ಕಡ್ಡಿ ಚುಚ್ಚಿ, "ಇನ್ನೊಂದ ಕುದಿ ಬೇಕು," ಅನ್ನುತ್ತಿದ್ದ.

ಪಾಸ್ಟರ್ ಕುನಾಲ ಬೈಕನ್ನು ದೂರದಲ್ಲೇ ನಿಲ್ಲಿಸಿ, ಬಿಳಿ ಪ್ಯಾಂಟಿಗೆ ಅರಿಸಿನ ಹತ್ತದಂತೆ ಎತ್ತಿ ಹಿಡಿದು ಬಂದರು. ಕೈಯಲ್ಲಿ ಬೈಬಲ್, ಅದರೊಳಗೆ ಟೈಪು ಮಾಡಿಸಿದ ಒಂದು ಕಾಗದ.

ಹೋದ ಭಾನುವಾರ ನಾಮದೇವ ನಾಲ್ವರಿಂದ ಹೊರಸು ಹೊರಿಸಿಕೊಂಡು ಚರ್ಚಿಗೆ ಹೋಗಿದ್ದ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಕೈ ಎತ್ತಿ, ಗುಣವಾಗದ ರೋಗಿ ತಾನಾಗಿ ಕೇಳಿಕೊಂಡರೆ ಡಾಕ್ಟರು ಕೊನೆಯ ಔಷಧ ಕೊಡುವಂಥ ಕಾನೂನು ನಮ್ಮಲ್ಲೂ ಬರಬೇಕು, ಅದನ್ನು ಕ್ರಿಸ್ತನ ಮಕ್ಕಳೇ ಮೊದಲು ಕೇಳಬೇಕು ಎಂದಿದ್ದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಮಿರಜಿನವರೆಗೂ ಓಡಾಡಿತು. ಪಾಸ್ಟರಿಗೆ ಮೇಲಿನವರಿಂದ ಫೋನು ಬಂತು.

"ಎರಡ ಸಾಲು ಅಷ್ಟ, ನಾಮದೇವಣ್ಣ," ಎಂದು ಪಾಸ್ಟರ್ ಓದಿದರು. "'ನೋವಿನ ಭರದಲ್ಲಿ, ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಆಡಿದ ಮಾತು. ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.' ನೀವು ಸಹಿ ಮಾಡ್ರಿ. ಭಾನುವಾರ ನಾ ಓದತೀನಿ, ಮುಗೀತು. ಕ್ರಿಸ್ತನೂ ಶಿಲುಬಿ ಮ್ಯಾಲೆ ನೋವು ಉಂಡಾನ. ತಪ್ಪಿಸ್ಕೊಳ್ಳಲಿಲ್ಲ."

"ಮುಂಜಾನೆ ಒಂಬತ್ತಕ್ಕ ಏರಿಸಿದ್ರು, ಮಧ್ಯಾಹ್ನ ಮೂರಕ್ಕ ಜೀವ ಬಿಟ್ಟ. ನೀವ ಓದಿ ಹೇಳೀರಿ," ಎಂದ ನಾಮದೇವ. "ಆರು ತಾಸು. ನನ್ನ ಹೆಂಡ್ತಿ ಸುವಾರ್ತವ್ವ ಸಾಯೂ ಮುಂದ ಹತ್ತೊಂಬತ್ತ ದಿನ ಚೀರಿದಳು. ನೀವು ದಿನಾ ಬಂದ್ರಿ. ತಡಕೊಳ್ಳೂ ಶಕ್ತಿ ಕೊಡು ತಂದೆ ಅಂದ್ರಿ, ಚಾ ಕುಡದ್ರಿ, ಹೋದ್ರಿ."

"ಶಕ್ತಿ ಕೇಳೂದು ತಪ್ಪೇನ್ರಿ?"

"ತಪ್ಪಲ್ರಿ," ಎಂದ ಮಹಾವೀರ, ಒಲೆಯ ಕಡೆಯಿಂದ. "ಹೋದ ವರ್ಷ ನಿಮಗ ಕಿಡ್ನ್ಯಾಗ ಕಲ್ಲ ಆದಾಗ ನನ್ನ ಟೆಂಪೋದಾಗನ ಮಿರಜಿಗೆ ಒಯ್ದಿದ್ದೆ. ದಾರಿ ತುಂಬ ಸೂಜಿ ಸೂಜಿ ಅಂತಿದ್ರಿ. ಶಕ್ತಿ ಕೇಳಿದ್ದು ನನಗ ನೆನಪಿಲ್ಲ."

ಅರಿಸಿನ ಹರವುತ್ತಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದಳು. ಪಾಸ್ಟರ್ ಅತ್ತ ತಿರುಗಿದರು. "ಇದೆಲ್ಲಾ ನಿಮ್ಮ ಸಹವಾಸ. ನಿಮ್ಮ ಜೈನರ ಸಲ್ಲೇಖನ ನೋಡಿ ಇವರ ತಲಿ ಕೆಟ್ಟೈತಿ."

"ನಮ್ಮವರು ಉಪವಾಸ ಮಾಡತಾರ್ರಿ, ಡಾಕ್ಟರನ್ನ ಕೇಳಂಗಿಲ್ಲ. ಇದು ನಾಮದೇವಂದು ಸ್ವಂತ ವಿಚಾರ. ನಿಮ್ಮ ಚರ್ಚಿನ್ಯಾಗ ಕುಂತು ಮಾಡಿದ್ದು."

ನಾಮದೇವ ಮಗ್ಗಲು ಬದಲಿಸಲು ನೋಡಿದ. ಅರ್ಧಕ್ಕೆ ನಿಂತು, ಹೊರಸಿನ ಹಗ್ಗ ಹಿಡಿದು, ನೋವು ಇಳಿಯುವವರೆಗೆ ಕಣ್ಣು ಮುಚ್ಚಿದ. ಪಾಸ್ಟರ್ ಗಡಿಯಾರ ನೋಡಿಕೊಂಡರು.

"ಜೀವ ದೇವರದು ಅಂತೀರಿ. ಹೌದ್ರಿ," ಎಂದ ನಾಮದೇವ ಆಮೇಲೆ. "ಅವಂದು ಅಂತನ ಅವನ ಕೈಯಾಗ ಕೊಡಾಕ ಹೊಂಟೀನಿ. ಕದ್ದು ಬ್ಯಾರೆ ಕಡೆ ಒಯ್ಯಾಕತ್ತಿಲ್ಲ. ಮಗ ಎರಡ ದಿನ ಮೊದಲ ಮನಿಗೆ ಬಂದ್ರ ಅಪ್ಪ ಕದಾ ಹಾಕ್ಕೋತಾನೇನು?"

ಪಾಸ್ಟರ್ ಹೊರಸಿನ ಹತ್ತಿರ ಬಗ್ಗಿದರು. ದನಿ ಇಳಿಸಿ ಅಂದರು: "ನಿನ್ನೆ ಕಮಿಟಿ ಕೂಡಿತ್ತು. ಸಹಿ ಇಲ್ಲಂದ್ರ ನಮ್ಮ ಸ್ಮಶಾನದಾಗ ನಿಮಗ ಜಾಗ ಇಲ್ಲ ಅಂತ ಠರಾವ್ ಬರದಾರ. ನನ್ನ ಕೈಯಾಗ ಏನೂ ಇಲ್ಲ. ಸುವಾರ್ತವ್ವನ ಬಾಜೂಕಿನ ಜಾಗಾ ನೀವು ಇಟ್ಕೊಂಡೀರಿ, ಗೊತ್ತೈತಿ. ಅದಕ್ಕ ಹೇಳಾಕತ್ತೀನಿ."

ಹೆಂಡತಿಯನ್ನು ಮಣ್ಣಿಗಿಟ್ಟ ದಿನವೇ ನಾಮದೇವ ಪಕ್ಕದ ಜಾಗಕ್ಕೆ ನಾಲ್ಕು ಕಲ್ಲು ನೆಟ್ಟಿದ್ದ. ನಡೆಯಲು ಆಗುತ್ತಿದ್ದಷ್ಟು ಕಾಲ, ಆರು ವರ್ಷ, ಭಾನುವಾರ ಒಂದೂ ತಪ್ಪದೆ, ಅಲ್ಲಿಯ ಕಸ ಕಿತ್ತಿದ್ದ. ಈಗ ಕೈ ಚಾಚಿದ. ಪಾಸ್ಟರ್ ಲಗುಬಗೆಯಿಂದ ಪೆನ್ನಿನ ಟೊಪ್ಪಿಗೆ ತೆಗೆದರು. ಬರೆಯಲು ಗಟ್ಟಿಯಾಗಿರಲಿ ಎಂದು ಕಾಗದದ ಅಡಿಗೆ ಬೈಬಲ್ ಕೊಟ್ಟರು.

ನಾಮದೇವ ಬೈಬಲ್ಲನ್ನು ಎಳೆದುಕೊಂಡು ತಲೆದಿಂಬಿನ ಹತ್ತಿರ ಇಟ್ಟ. ಕಾಗದವನ್ನೂ ಪೆನ್ನನ್ನೂ ತಿರುಗಿ ಕೊಟ್ಟ.

ಮಹಾವೀರ ಒಲೆಗೆ ಕಬ್ಬಿನ ರವದಿ ನೂಕುತ್ತಿದ್ದ. ತಲೆ ಎತ್ತದೆಯೇ ಅಂದ: "ನಮ್ಮ ಮೂಡಣ ಬದುವಿನ್ಯಾಗ ಮಣ್ಣು ಮೆತ್ತಗೈತಿ."

"ಹೊಲದ ಬದುವಿನ್ಯಾಗ?" ಎಂದರು ಪಾಸ್ಟರ್. "ಹೆಂಡತಿ ಅಲ್ಲಿ, ನೀವು ಇಲ್ಲಿ? ಒಂದ ಸಹಿ ಸಂಬಂಧ?"

"ಪುನರುತ್ಥಾನದ ದಿನ ಅಕಿನೂ ಏಳತಾಳ, ನಾನೂ ಏಳತೀನಿ," ಎಂದ ನಾಮದೇವ. "ಇಲ್ಲಿಂದ ಅಲ್ಲಿಗೆ ಒಂದ ಫರ್ಲಾಂಗ. ಅವತ್ತ ಸೊಂಟ ನೋಯಂಗಿಲ್ಲ, ನಡಕೋತ ಹೋಗತೀನಿ. ನಿಮ್ಮ ಕಮಿಟಿಯವರಿಗೆ ಹೇಳ್ರಿ, ಅವತ್ತಾದ್ರೂ ಗೇಟ್ ತೆರದಿಡ್ರಿ ಅಂತ."