ಪಲ್ಲವಿಯ ಕೆಮ್ಮು

ರಾಕ್ ಬ್ಯಾಂಡಿನ ಗಾಯಕ ಹಾಡಿನ ಪಲ್ಲವಿಯ ನಡುವೆ ಸಣ್ಣಗೆ ಕೆಮ್ಮಿದ್ದೇ ತಡ, ಮೊದಲ ಸಾಲಿನಲ್ಲಿ ಕೂತಿದ್ದ ಟೈಲರಕ್ಕನ ಎದೆ ಧಸಕ್ಕೆಂದಿತು. ಹೊಲಿಗೆ ಮೆಷಿನ್ ಪಕ್ಕ ಇಟ್ಟುಕೊಂಡು ಇಪ್ಪತ್ತು ವರ್ಷ ಕೇಳಿದ ಅವನ ಕ್ಯಾಸೆಟ್ಟಿನಲ್ಲೂ ಇದೇ ಜಾಗದಲ್ಲಿ ಇದೇ ಕೆಮ್ಮು.

"ಟೇಪ್ ಹಾಕ್ಬಿಟ್ಟು ಬರೀ ಬಾಯಾಡಿಸ್ತಿದಾನೆ ಕಣಕ್ಕಾ, ನಿನ್ ದೇವ್ರು!" ಪಕ್ಕದಲ್ಲಿದ್ದ ತಂಗಿ ಕಿಸಕ್ಕೆಂದಳು.

"ಸುಮ್ನಿರೇ!" ಎಂದಳೇ ಹೊರತು, ಅಕ್ಕ ಆಮೇಲೆ ಹಾಡು ಕೇಳಲೇ ಇಲ್ಲ. ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಕಣ್ಣು ಕಿರಿದು ಮಾಡಿ ಅವನ ಗಂಟಲನ್ನೇ ನೋಡುತ್ತಾ ಕೂತಳು. ಇಷ್ಟು ವರ್ಷ ನಂಬಿದ್ದು ಬರೀ ಮೋಸವಾ?

ಪಲ್ಲವಿ ಮತ್ತೆ ಬಂತು. ಅದೇ ಜಾಗದಲ್ಲಿ ಗಾಯಕ ಹಾಡು ನಿಲ್ಲಿಸಿ, ನಗುತ್ತಾ ಮೈಕನ್ನು ಜನರತ್ತ ಚಾಚಿದ. ಸ್ಪೀಕರ್ ಗಪ್‌ಚಿಪ್; ಟೇಪಿನ ಹಾಡೂ ಇಲ್ಲ, ಕೆಮ್ಮೂ ಇಲ್ಲ. ಇಡೀ ಥಿಯೇಟರ್ ಒಟ್ಟಿಗೆ ಕೆಮ್ಮಿತು. ಟೈಲರಕ್ಕ ಮಾತ್ರ ಒಂದು ಕ್ಷಣ ತಡವಾಗಿ, ಎಲ್ಲರಿಗಿಂತ ಜೋರಾಗಿ ಕೆಮ್ಮಿದಳು.