ಗೋದಲಿಯ ಪಕ್ಕದ ಹಲಗೆ

ಚೊಂಬು ಅರ್ಧ ತುಂಬುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ಭಾವನ ನೆರಳು ಬಿತ್ತು. ಹಸು ಕಾಲು ಝಾಡಿಸಿತು.

ಅವಳು ಎಂದಿನಂತೆ ಗೋದಲಿಯ ಪಕ್ಕದ ಹಲಗೆಗೋಡೆಗೆ ಬೆನ್ನು ಕೊಟ್ಟು ಹಾಲು ಕರೆಯುತ್ತಿದ್ದಳು. ದಿನವೂ ಕೂರುವುದು ಅಲ್ಲೇ. ಬಿಟ್ಟುಹೋದ ಗಂಡನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕುವುದೂ ಅಲ್ಲೇ.

"ಹಾಲು ಕರೆದು ಹಸೂನ ಹೊರಗೆ ಕಟ್ಟಮ್ಮಾ," ಎಂದ ಭಾವ. "ಇವತ್ತೇ ಈ ಕೊಟ್ಟಿಗೆ ಕಿತ್ತುಹಾಕ್ತೀನಿ. ಪೂರ್ತಿ ಹುಳ ತಿಂದ ಮರ. ಸುಟ್ಟುಬಿಟ್ಟು, ತಗಡಿನದೊಂದು ಹೊಸದಾಗಿ ಹಾಕಿಸಿಕೊಡ್ತೀನಿ."

"ನೀವಾ?"

"ಯಾಕೆ, ನಾನೇನು ಮನುಷ್ಯ ಅಲ್ವಾ?"

ಅವಳು ತಲೆ ತಗ್ಗಿಸಿದಳು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆಸಾಮಿ ಇವನು. ಸೊಟ್ಟ ಮೊಳೆ ಸಿಕ್ಕರೂ ಕಲ್ಲಿನ ಮೇಲಿಟ್ಟು ಬಡಿದು, ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಾನೆ. ಮುರಿದ ಕುರ್ಚಿಯ ಕಾಲು ಅವನ ಮನೆಯಲ್ಲಿ ಬಾಗಿಲ ಅಗಳಿಯಾಗಿದೆ. ಅಂಥವನು ಒಂದು ಕೊಟ್ಟಿಗೆ ಮರವನ್ನು ಸುಡುತ್ತಾನೆಯೇ? ಅದೂ ಹಳೆಯ ಮರ ಕೊಳ್ಳುವವಳು ಊರಿಗೆ ಬಂದಿದ್ದಾಳೆಂಬ ಸುದ್ದಿ ಹಬ್ಬಿದ ಮರುದಿನವೇ?

ಬೆಲೆಬಾಳುವ ಮರವೇ ಇರಬೇಕು. ಸುಡುವ ನೆಪದಲ್ಲಿ ಒಯ್ದು ಮಾರಿಕೊಳ್ಳುತ್ತಾನೆ.

ಒಳ್ಳೆಯದಾಯಿತು, ಅವಳು ನಿನ್ನೆ ಸಂಜೆಯೇ ಮರದವಳಿಗೆ ಹೇಳಿಕಳಿಸಿದ್ದಳು.

ಗಂಡ ಹೋದಾಗ ಮಗಳು ಗುಬ್ಬಿ ಇನ್ನೂ ಹೊಟ್ಟೆಯಲ್ಲಿದ್ದಳು. ತಾಯಿಗೆ ಕಾಯಿಲೆಯೆಂದು ಅವಳು ತವರಿಗೆ ಹೋಗಿದ್ದಳು. ಅವನು ತಾನೇ ಕಟ್ಟಿದ ದೋಣಿ ಹತ್ತಿ, ನಸುಕಿನಲ್ಲಿ ಹೊಳೆ ದಾಟಿದನಂತೆ. ಕಂಡವನು ಅವನ ಅಣ್ಣ, ಈ ಭಾವನೊಬ್ಬನೇ. "ತಿರುಗಿ ಕೂಡ ನೋಡಲಿಲ್ಲಮ್ಮಾ," ಎಂದು ಕಣ್ಣೊರೆಸಿಕೊಂಡಿದ್ದ. ದಡದ ಗೂಟವೂ ಬರಿದಾಗಿತ್ತು. ಓಡಿಹೋದವನಿಗೆ ಪಾಲೆಲ್ಲಿಯದು? ಹೊಲವೆಲ್ಲ ಭಾವನ ಕೈ ಸೇರಿತು. ಅವಳಿಗೆ ಉಳಿದದ್ದು ಒಂದು ಕೋಣೆ, ಒಂದು ಹಸು, ಈ ಕೊಟ್ಟಿಗೆ. ಮರಕ್ಕೆ ಒಳ್ಳೆಯ ಬೆಲೆ ಬಂದರೆ ಮಗಳನ್ನು ಕಟ್ಟಿಕೊಂಡು ಪೇಟೆಗೆ ಹೋಗಿ ಒಂದು ಕೋಣೆ ಹಿಡಿಯಬಹುದು. ಭಾವನ ಚುಚ್ಚುಮಾತು ಕೇಳದ ಒಂದು ಬೆಳಗು ಕಾಣಬಹುದು.

ಕೋಣೆಯ ಕಿಟಕಿಯಲ್ಲಿ ಅರ್ಧ ಹಸಿರು ಪರದೆ ತೂಗುತ್ತಿತ್ತು. ಉಳಿದರ್ಧವನ್ನು ಗಂಡ ದೋಣಿಯ ಸಂದುಗಳಿಗೆ ತುರುಕಲು ಹರಿದುಕೊಂಡಿದ್ದ. "ಮುಳುಗಿದ್ರೆ ನಿನ್ನ ಪರದೆ ಸಮೇತ ಮುಳುಗ್ತೀನಿ," ಎಂದು ನಕ್ಕಿದ್ದ. ಆ ಕತೆ ಗುಬ್ಬಿಗೂ ಗೊತ್ತಿತ್ತು. ಭಾವನಿಗೂ ಆ ಪರದೆ ಕಂಡರೆ ನಗು: "ಅರ್ಧ ಪರದೆ, ಅರ್ಧ ಸಂಸಾರ!"

ಅಪ್ಪನ ಮಾತೆತ್ತಿದರೆ ಸಾಕು, ಅವಳು ಗುಬ್ಬಿಯ ತುಟಿಯ ಮೇಲೆ ಬೆರಳಿಡುತ್ತಿದ್ದಳು. "ದೊಡ್ಡಪ್ಪನ ಮುಂದೆ ಬೇಡ, ಕಂದಾ." ಎಲ್ಲದಕ್ಕೂ ಚಿಲಿಪಿಲಿಗುಟ್ಟುವ ಮಗು ಅದೊಂದು ಪ್ರಶ್ನೆಯನ್ನು ಮಾತ್ರ ನುಂಗಲು ಕಲಿತಿತ್ತು.

ತುಂಬಿದ ಚೊಂಬು ಹಿಡಿದು ಅವಳು ಏಳುವಷ್ಟರಲ್ಲಿ ಮರದವಳು ಬಂದಳು, ಹಿಂದೆಯೇ ಗುಬ್ಬಿ. ದಪ್ಪ ಹೆಂಗಸು, ಸೊಂಟದಲ್ಲಿ ಚಾಕು, ಬಾಯಿತುಂಬ ಮಾತು. ಕಂಬವೊಂದನ್ನು ಕೆತ್ತಿ ಮೂಸಿದಳು. "ಮಾವು." ತೊಲೆ ಕೆತ್ತಿದಳು. "ಇದೂ ಮಾವು. ಅಯ್ಯೋ ತಾಯಿ, ಇದನ್ನ ಕೊಂಡ್ರೆ ಒಳಗಿರೋ ಹುಳಗಳಿಗೂ ನಾನೇ ಗಾಡಿ ಬಾಡಿಗೆ ಕೊಡಬೇಕು!"

ಭಾವ ಗಟ್ಟಿಯಾಗಿ ನಕ್ಕ. "ನಾನು ಹೇಳಲಿಲ್ವಾ? ಸೌದೆ, ಬರೀ ಸೌದೆ. ನೀವಿನ್ನು ಹೊರಡಿ."

ಪೇಟೆಯ ಕೋಣೆಯ ಬಾಗಿಲು ಅವಳ ಕಣ್ಣೆದುರೇ ಮುಚ್ಚಿಕೊಂಡಿತು.

ಹೊರಟ ಮರದವಳು ಅಭ್ಯಾಸಬಲದಿಂದ ಗೋದಲಿಯ ಪಕ್ಕದ ಹಲಗೆಗೆ ಗೆಣ್ಣಿನಿಂದ ಬಡಿದಳು. ನಿಂತಳು. ಇನ್ನೊಮ್ಮೆ ಬಡಿದಳು. ಚಾಕು ತೆಗೆದು ತೆಳ್ಳಗೊಂದು ಸಿಪ್ಪೆ ಎಬ್ಬಿಸಿ ಮೂಗಿಗೆ ಹಿಡಿದಳು.

"ತೇಗ," ಎಂದಳು. "ಒಳ್ಳೆ ಜಾತಿಯ ತೇಗ."

ಅವಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಇಷ್ಟು ವರ್ಷ ಬೆನ್ನು ಕೊಟ್ಟು ಕೂತದ್ದು ಇಂಥ ಸಂಪತ್ತಿಗೇ! ಭಾವನ ಕಳ್ಳಾಟ ಕೊನೆಗೂ ಬಯಲಾಯಿತು.

"ಯಾವುದೋ ಹಳೇ ಕಿಟಕಿ ಹಲಗೆ ಅದು," ಎಂದು ಭಾವ ಅಡ್ಡ ಬಂದು ನಿಂತ. "ಅದಕ್ಕೆಲ್ಲ ಕೈ ಹಾಕ್ಬೇಡಿ."

"ಸರೀರಿ ಸ್ವಲ್ಪ. ಯಾರು ಕಟ್ಟಿದ್ದು ಈ ಗೋಡೆ?"

"ನಮ್ಮ ಭಾವಾನೇ, ಅಕ್ಕಾ," ಎಂದಳು ಅವಳು. ಈಗ ದನಿಯಲ್ಲಿ ಚೂರು ಗೆಲುವಿತ್ತು. "ಗುಬ್ಬಿ ಅಪ್ಪ ಮನೆ ಬಿಟ್ಟ ವರ್ಷಾನೇ. ಹಸುಗೆ ಗಾಳಿ ಬಡಿಯುತ್ತೆ ಅಂತ ಗೋಡೆ, ಕೆಸರಾಗುತ್ತೆ ಅಂತ ನೆಲಕ್ಕೆ ಕಲ್ಲು. ಎರಡೂ ಒಬ್ಬರೇ ಮಾಡಿದ್ರು."

"ಹಸು ಪುಣ್ಯ ಮಾಡಿತ್ತು ಬಿಡಿ." ಮರದವಳು ಹಲಗೆಯುದ್ದಕ್ಕೂ ಅಂಗೈ ಆಡಿಸಿದಳು. "ಆದ್ರೆ ಇದು ಕಿಟಕಿಯದಲ್ಲ. ಮೀನೆಣ್ಣೆ ಕುಡಿದ ತೇಗ ಇದು. ಬಾಗು ನೋಡಿ ಇಲ್ಲಿ. ಕೊಟ್ಟಿಗೆಗೆ ಅಂತ ಹಲಗೇನ ಯಾರಾದ್ರೂ ಬಗ್ಗಿಸ್ತಾರಾ? ನೀರಲ್ಲಿ ಬದುಕಿದ ಮರ ಇದು, ತಾಯಿ."

ಚಾಕುವಿನ ಮೊನೆ ಎರಡು ಹಲಗೆಗಳ ನಡುವೆ ಹೊಕ್ಕು, ಡಾಂಬರು ಮೆತ್ತಿದ ಬಟ್ಟೆಯ ಚೂರೊಂದನ್ನು ಎಳೆದು ತಂದಿತು. ಮರದವಳು ಅದನ್ನು ಉಗುರಿನಿಂದ ಕೆರೆದಳು.

ಡಾಂಬರಿನ ಕೆಳಗೆ ಹಸಿರು.

ಚೊಂಬು ಅವಳ ಕೈಜಾರಿತು. ಹಾಲು ಕಲ್ಲುಹಾಸಿನ ಮೇಲೆ ಚೆಲ್ಲಿ, ಗೋಡೆಯ ಬುಡಕ್ಕೆ ಹರಿಯಿತು. ಅಲ್ಲಿ ಆಳುದ್ದದ ಜಾಗದಲ್ಲಿ ಕಲ್ಲುಗಳು ಕುಸಿದು ತಗ್ಗಾಗಿದ್ದವು. ಹಾಲು ಆ ತಗ್ಗು ತುಂಬಿ, ಸಂದುಗಳಲ್ಲಿ ನಿಧಾನವಾಗಿ ಇಂಗಿತು. ಭಾವ ಹಲಗೆಯನ್ನು ನೋಡುತ್ತಿರಲಿಲ್ಲ. ಹಾಲು ಹೋದ ದಾರಿಯನ್ನೇ ನೋಡುತ್ತಿದ್ದ.

ಗುಬ್ಬಿ ಮರದವಳ ಕೈಯಿಂದ ಆ ಚೂರನ್ನು ಕಿತ್ತುಕೊಂಡು ಕೋಣೆಗೆ ಓಡಿದಳು. ಕಿಟಕಿಯ ಪರದೆಗೆ ಅದನ್ನು ತಾಗಿಸಿ ಹಿಡಿದಳು. ಮತ್ತೆ ಓಡಿ ಬಂದಳು. ಅಮ್ಮನ ಬೆರಳು ಈ ಸಲ ಅವಳ ತುಟಿಗೆ ಬರಲಿಲ್ಲ.

"ದೊಡ್ಡಪ್ಪಾ, ದೋಣಿ ಇಲ್ಲೇ ಇದೆಯಲ್ಲಾ, ಹಾಗಾದ್ರೆ ಅಪ್ಪ ಎಲ್ಲಿ?"